ಎಳೆಯುವ ಬಲವೂ ಹೊರುವ ಬಲವೂ

ಗಾಡಿಗೆ ತಕ್ಕ ಎತ್ತು, ಎತ್ತಿಗೆ ತಕ್ಕ ಹೇರು ಎಂಬುದನ್ನು ನಮ್ಮ ಹಿರಿಯರು ಯಾವ ಗ್ರಂಥದಿಂದಲೂ ಓದಿ ತಿಳಿದವರಲ್ಲ. ಹೊಲದ ಬದುವಿನಲ್ಲಿಯೂ ಸಂತೆಯ ದಾರಿಯಲ್ಲಿಯೂ ಅದನ್ನು ಕಲಿತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯನ್ನು ನಾವು ಸಂಸಾರದ ಜಗಳಗಳಿಗೆ ಅನ್ವಯಿಸಿ ಹೇಳುವೆವಾದರೂ, ಅದು ಮೊದಲು ಹುಟ್ಟಿದುದು ನೊಗದ ಕೆಳಗೇ ಇರಬೇಕು. ಈ ಹಳೆಯ ವಿದ್ಯೆಯು ಅಮೆರಿಕಾ ದೇಶದ ಹೆದ್ದಾರಿಯಲ್ಲಿ, ಕಬ್ಬಿಣದ ಎತ್ತೊಂದು ಮನೆಯಷ್ಟು ದೊಡ್ಡ ಗಾಡಿಯನ್ನೆಳೆಯುತ್ತಿದ್ದಾಗ, ನಮ್ಮ ಉಪಯೋಗಕ್ಕೆ ಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಈ ಪತ್ರಿಕೆಯ ವಾಚಕರಲ್ಲಿ ಅನೇಕರ ಮಕ್ಕಳೂ ಅಳಿಯಂದಿರೂ ಈಗ ಆ ದೇಶದಲ್ಲಿ ಸಂಸಾರ ಹೂಡಿರುವರಾದುದರಿಂದ, ನಮಗಾದ ಅನುಭವವನ್ನೂ ಅದರಿಂದ ತಿಳಿದ ಲೆಕ್ಕವನ್ನೂ ಇಲ್ಲಿ ಬರೆಯುವುದು ಉಚಿತವೆಂದು ತೋರಿತು.

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಡಬೇಕು. ರಜೆ ಬಂದರೆ ಆ ದೇಶದ ಗೃಹಸ್ಥರಲ್ಲಿ ಅನೇಕರು ಛತ್ರ ಹೋಟೆಲುಗಳನ್ನು ಹುಡುಕುವುದಿಲ್ಲ. ಗಾಲಿಗಳ ಮೇಲೆ ಕಟ್ಟಿದ ಮನೆಯೊಂದನ್ನು ಮೋಟಾರಿನ ಹಿಂದೆ ಕಟ್ಟಿಕೊಂಡು ಹೊರಡುವರು. ಅಡಿಗೆಯ ಒಲೆ, ಮಂಚ, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗಿರುವುವು. ಇಂಥ ಮನೆಗಳಲ್ಲಿ ಒಂದು ಜಾತಿಗೆ ‘ಟಾಯ್ ಹಾಲರ್’ ಎಂದು ಹೆಸರು. ಆಟದ ಸಾಮಾನನ್ನು ಸಾಗಿಸುವುದೆಂದು ಅರ್ಥ. ಆಟದ ಸಾಮಾನೆಂದರೆ ಬುಗುರಿ ಗೋಲಿಗಳಲ್ಲ. ಮೋಟಾರ್ ಸೈಕಲ್ಲುಗಳು, ಮರಳಿನ ಮೇಲೆಯೂ ಕಲ್ಲಿನ ಮೇಲೆಯೂ ಓಡತಕ್ಕ ನಾಲ್ಕು ಗಾಲಿಯ ಪುಟ್ಟ ಬಂಡಿಗಳು. ಮನೆಯ ಹಿಂಭಾಗವು ಇವುಗಳಿಗೆ ಕೊಟ್ಟಿಗೆಯಾಗಿರುವುದು. ಹಿಂದಿನ ಗೋಡೆಯನ್ನು ಕೆಳಕ್ಕಿಳಿಸಿದರೆ ಅದೇ ಇಳಿಜಾರು ಹಲಗೆಯಾಗಿ ಬಂಡಿಯು ಕೆಳಗುರುಳಿ ಬರುವುದು. ಅನಂತರ ಆ ಕೊಟ್ಟಿಗೆಯೇ ಮಕ್ಕಳು ಮಲಗುವ ಕೋಣೆ.

ಇವನ್ನು ಎಳೆಯುವುದು ಪಿಕಪ್ ಟ್ರಕ್ಕು, ಎಂದರೆ ಮುಂದೆ ಜನ ಕೂರುವ ಗೂಡೂ ಹಿಂದೆ ತೆರೆದ ತೊಟ್ಟಿಯೂ ಉಳ್ಳ ವಾಹನ. ಭಾರವಾದ ಮನೆಗಳನ್ನು ಅದರ ಬಾಲಕ್ಕೆ ಕಟ್ಟುವುದಿಲ್ಲ. ತೊಟ್ಟಿಯ ನಡುವೆ, ಹಿಂದಿನ ಅಚ್ಚಿಗೆ ನೇರವಾಗಿ ಅಥವಾ ಅದಕ್ಕಿಂತ ತುಸು ಮುಂದಕ್ಕೆ, ಒಂದು ಕಬ್ಬಿಣದ ಪೀಠವನ್ನು ಕೂರಿಸಿ, ಮನೆಯ ಮೂತಿಯಿಂದ ಇಳಿದ ದಪ್ಪ ಗೂಟವನ್ನು ಅದಕ್ಕೆ ಸಿಕ್ಕಿಸುವರು. ಗೂಟಕ್ಕೆ ಕಿಂಗ್‌ಪಿನ್ ಎಂದೂ, ಈ ವ್ಯವಸ್ಥೆಗೆಲ್ಲ ‘ಫಿಫ್ತ್ ವೀಲ್’, ಐದನೆಯ ಗಾಲಿ, ಎಂದೂ ಹೆಸರು. ಈ ಹೆಸರು ಕುದುರೆ ಸಾರೋಟಿನ ಕಾಲದ್ದು. ಸಾರೋಟು ತಿರುಗುವಾಗ ಮುಂದಿನ ಅಚ್ಚು ಸರಾಗವಾಗಿ ಹೊರಳಲೆಂದು ಅದರ ಮೇಲೆ ಗಾಲಿಯೊಂದನ್ನು ಅಡ್ಡಲಾಗಿ ಮಲಗಿಸುತ್ತಿದ್ದರು. ನೆಲದ ಮೇಲಿನ ನಾಲ್ಕರ ಜೊತೆಗೆ ಅದು ಐದನೆಯದು. ಮೋಟಾರಿನ ಹಿಂದೆ ಇಂಥ ಅರೆಗಾಡಿಯನ್ನು ಹೂಡಿದ ಮೊದಲಿಗರಲ್ಲಿ ಒಬ್ಬರು ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರೂಹಾಫ್ ಎಂಬವರು. ೧೯೧೪ರಲ್ಲಿ ಮರದ ವ್ಯಾಪಾರಿಯೊಬ್ಬರು ತಮ್ಮ ವಿಹಾರದ ದೋಣಿಯನ್ನು ಸಾಗಿಸಲು ಒಂದು ಉಪಾಯ ಬೇಕೆಂದು ಕೇಳಲಾಗಿ, ಅವರು ಫೋರ್ಡ್ ಮೋಟಾರಿನ ಹಿಂದೆ ಸಾಗತಕ್ಕ ಗಾಡಿಯೊಂದನ್ನು ಮಾಡಿಕೊಟ್ಟರು. ಇಂದು ಲೋಕದ ಸರಕನ್ನೆಲ್ಲ ಹೊರುವ ದೊಡ್ಡ ಲಾರಿಗಳ ಮೂಲಗಳಲ್ಲೊಂದು ಹೀಗೆ ಒಬ್ಬರ ಆಟದ ಸಾಮಾನಿನಲ್ಲಿಯೇ ಇರುವುದು ವಿನೋದವಲ್ಲವೆ?

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ಮಗಳೂ ಅಳಿಯಂದಿರೂ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾಕ್ರಮೆಂಟೊ ನಗರದ ಬಳಿ ವಾಸವಾಗಿರುವರು. ಅಳಿಯಂದಿರು ಎರಡು ವರ್ಷದ ಹಿಂದೆಯೇ ಡೀಸೆಲ್ ಎಂಜಿನ್ನಿನ, ‘ಮುಕ್ಕಾಲು ಟನ್ನಿನ’ ಪಿಕಪ್ಪೊಂದನ್ನು ಕೊಂಡಿದ್ದರು. ೨೦೨೪ನೆಯ ಇಸವಿಯ ಬೇಸಗೆಯಲ್ಲಿ ಸಾಲಮಾಡಿ ಒಂದು ಟಾಯ್ ಹಾಲರನ್ನೂ ಕೊಂಡರು. ಕೊಳ್ಳುವಾಗ ಅಂಗಡಿಯವರು ಹೇಳಿದ ಲೆಕ್ಕವಿದು: “ನಿಮ್ಮ ವಾಹನವು ೧೮,೦೦೦ ಪೌಂಡು ಎಳೆಯಬಲ್ಲುದು; ಈ ಮನೆಯು ಎಷ್ಟೇ ತುಂಬಿದರೂ ೧೬,೦೦೦ ಪೌಂಡನ್ನು ಮೀರಬಾರದು; ಆದಕಾರಣ ನಿಮಗೆ ೨,೦೦೦ ಪೌಂಡು ಉಳಿತಾಯ.” (ಸಾವಿರ ಪೌಂಡೆಂದರೆ ೪೫೪ ಕಿಲೋಗ್ರಾಮೆಂದು ವಾಚಕರು ಎಣಿಸಿಕೊಳ್ಳಬಹುದು.) ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಇದನ್ನು ನಂಬಿ ಹೊರಟುದರಿಂದ ನಮ್ಮ ಮಗಳ ಸಂಸಾರವೆಲ್ಲ ಅಪಾಯದ ಅಂಚಿನಲ್ಲಿ ನೂರಾರು ಮೈಲಿ ಸಂಚರಿಸಿತು.

ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ನಮ್ಮ ಗೃಹಿಣಿಯು ಊರಿನಲ್ಲಿಯೇ ಉಳಿದುದರಿಂದ ನಾವೊಬ್ಬರೇ ಹೋಗಬೇಕಾಯಿತು. ನೆವಾಡಾ ಪ್ರಾಂತದಲ್ಲಿ ಫ್ಯಾಲನ್ ಎಂಬ ಊರಿನ ಪೂರ್ವಕ್ಕೆ ಸುಮಾರು ೬೦೦ ಅಡಿ ಎತ್ತರದ ಮರಳುಗುಡ್ಡವೊಂದಿದೆ. ಗಾಳಿ ಬೀಸಿ ಮರಳು ಜಾರಿದಾಗ ಅದು ತಂಬೂರಿಯ ಶ್ರುತಿಯಂತೆ ದನಿಗೊಡುವುದಂತೆ. ಆ ಹಾಡನ್ನು ತಾತನಿಗೆ ಕೇಳಿಸಬೇಕೆಂದು ಮೊಮ್ಮಕ್ಕಳಿಬ್ಬರಿಗೂ ಹಟ. ಅಲ್ಲಿ ಕುಡಿಯುವ ನೀರು ದೊರೆಯದಾದುದರಿಂದ ತೊಟ್ಟಿಯನ್ನು ತುಂಬಿಸಿ, ಕೊಟ್ಟಿಗೆಗೆ ಮರಳ ಬಂಡಿಯನ್ನೇರಿಸಿ, ಐದು ಮಂದಿಯೂ ಹೊರಟೆವು.

ಸ್ಯಾಕ್ರಮೆಂಟೊ ನಗರವು ಹೆಚ್ಚುಕಡಮೆ ಸಮುದ್ರದ ಮಟ್ಟದಲ್ಲಿರುವುದು. ಅಲ್ಲಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯು ಸಿಯೆರ‍್ರಾ ಪರ್ವತಗಳನ್ನೇರಿ ಡಾನರ್ ಕಣಿವೆಯ ನೆತ್ತಿಯಲ್ಲಿ ೭,೨೩೯ ಅಡಿ ಮುಟ್ಟಿ, ಆಮೇಲೆ ರೀನೋ ನಗರದ ಕಡೆಗಿಳಿಯುವುದು. ಏರುವಾಗ ಎಂಜಿನ್ನು ಗೊಣಗದೆ ಎಳೆಯಿತು. “ನೋಡಿದಿರಾ ಮಾವನವರೇ, ಬೆನ್ನ ಹಿಂದೆ ಏನೂ ಇಲ್ಲವೆಂಬಂತೆ ಹೋಗುತ್ತಿದೆ” ಎಂದು ಅಳಿಯಂದಿರು ಹೆಮ್ಮೆಪಟ್ಟರು. ಇಳಿಯುವಾಗ ಮಾತ್ರ ಅವರ ಮಾತು ನಿಂತಿತು. ವಾಹನದ ಹಿಂಭಾಗವು ಕುಸಿದು ಮೂಗು ಮೇಲೆದ್ದಂತಿದ್ದು, ಪ್ರತಿಯೊಂದು ತಗ್ಗಿನಲ್ಲಿಯೂ ಹಿಂದಿನಿಂದ ಯಾರೋ ಭುಜ ಹಿಡಿದು ಜಗ್ಗಿದಂತಾಗುತ್ತಿತ್ತು. ರೀನೋ ನಗರದ ಆಚೆ ಲಾರಿಗಳು ತಂಗುವ ನಿಲ್ದಾಣವೊಂದರಲ್ಲಿ ಎಣ್ಣೆಗಾಗಿ ನಿಂತೆವು.

ಅಲ್ಲಿ ನಮ್ಮ ಪಕ್ಕದಲ್ಲಿ ತಮ್ಮ ಲಾರಿಯನ್ನು ನಿಲ್ಲಿಸಿದ್ದ ವೃದ್ಧ ಸರ್ದಾರರೊಬ್ಬರು ನಮ್ಮ ವಾಹನದ ಹಿಂದಿನ ಗಾಲಿಗಳನ್ನೇ ನೋಡುತ್ತಿದ್ದರು. ಆ ಪ್ರಾಂತದಲ್ಲಿ ಲಾರಿ ನಡೆಸುವ ಪಂಜಾಬಿನವರು ಬಹು ಮಂದಿ. ಅವರು ಬಾಗಿ, ಟೈರಿನ ಬಳಿಗೆ ಕೈಯೊಯ್ದು, ಬಿಸಿಯನ್ನು ನೋಡಿ, ನಮ್ಮೊಡನೆ ಹಿಂದಿಯಲ್ಲಿ, “ಮಾಸ್ಟರ್‌ಜೀ, ಇದನ್ನು ತೂಕ ಹಾಕಿಸಿದ್ದೀರಾ?” ಎಂದು ಕೇಳಿದರು. ಅಳಿಯಂದಿರು, “ಇದು ಹದಿನೆಂಟು ಸಾವಿರ ಪೌಂಡು ಎಳೆಯುತ್ತದೆ” ಎಂದರು. ಸರ್ದಾರರು ನಕ್ಕು, “ಎಳೆಯುವುದು ಎಂಜಿನ್ನು, ಹೊರುವುದು ಟೈರು. ನಾನು ಕೇಳಿದ್ದು ಹೊರುವವರ ವಿಷಯ” ಎಂದು ಹೇಳಿ, ಅಂಗಳದ ಆಚೆಯಿದ್ದ ತೂಕದ ಕಟ್ಟೆಯನ್ನು ತೋರಿಸಿ ಹೊರಟುಹೋದರು.

ಈ ತೂಕದ ಕಟ್ಟೆಯು ಗೃಹಸ್ಥರಿಗೆ ಬಹಳ ಉಪಕಾರಿಯಾದ ವಸ್ತು. ಲಾರಿಗಳ ನಿಲ್ದಾಣಗಳಲ್ಲಿ ಇದು ಸಾಮಾನ್ಯವಾಗಿರುವುದು; ಯಾರು ಬೇಕಾದರೂ ಅಲ್ಪ ಹಣ ಕೊಟ್ಟು ತೂಗಿಸಬಹುದು. ಕಟ್ಟೆಯು ಮೂರು ಭಾಗವಾಗಿದ್ದು, ವಾಹನದ ಮುಂದಿನ ಅಚ್ಚಿನ ಮೇಲೆಷ್ಟು, ಹಿಂದಿನ ಅಚ್ಚಿನ ಮೇಲೆಷ್ಟು, ಮನೆಯ ಅಚ್ಚುಗಳ ಮೇಲೆಷ್ಟು ಎಂಬುದು ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುವುದು. ನಮ್ಮ ಚೀಟಿಯಲ್ಲಿ ಕ್ರಮವಾಗಿ ೫,೦೦೦, ೬,೬೦೦, ೧೨,೪೦೦ ಪೌಂಡು, ಒಟ್ಟು ೨೪,೦೦೦ ಪೌಂಡು ಎಂದಿತ್ತು. ಆಮೇಲೆ ಮನೆಯನ್ನು ಬಿಚ್ಚಿ ನಿಲ್ಲಿಸಿ, ಐವರೂ ಕುಳಿತು ವಾಹನವೊಂದನ್ನೇ ತೂಗಿಸಿದೆವು. ಅದು ೮,೫೦೦ ಆಯಿತು.

ಇಷ್ಟಾದರೆ ಉಳಿದುದೆಲ್ಲ ಪ್ರಾಥಮಿಕ ಶಾಲೆಯ ಗಣಿತ. ೨೪,೦೦೦ದಲ್ಲಿ ೮,೫೦೦ನ್ನು ಕಳೆದರೆ ಮನೆಯ ತೂಕ ೧೫,೫೦೦. ಇದು ೧೬,೦೦೦ಕ್ಕೆ ಕಡಮೆ, ೧೮,೦೦೦ಕ್ಕೂ ಕಡಮೆ; ಅಂಗಡಿಯವರ ಮಾತು ನಿಂತಿತು. ಮನೆಯನ್ನು ಕಟ್ಟಿದ್ದಾಗ ವಾಹನದ ಎರಡು ಅಚ್ಚುಗಳ ಮೇಲಿದ್ದ ತೂಕ ೧೧,೬೦೦, ಬಿಚ್ಚಿದಾಗ ೮,೫೦೦. ಈ ಎರಡರ ಅಂತರವಾದ ೩,೧೦೦ ಪೌಂಡು ಕಿಂಗ್‌ಪಿನ್ನಿನ ಮೂಲಕ ವಾಹನದ ಬೆನ್ನಿನ ಮೇಲೆ ಕುಳಿತ ಭಾರ. ಆದರೆ ಆ ವಾಹನವು ತನ್ನ ಮೈತೂಕ, ಜನ, ಸಾಮಾನು, ಬೆನ್ನಿನ ಮೇಲಿನ ಭಾರ ಇವೆಲ್ಲವೂ ಸೇರಿ ೧೦,೦೦೦ ಪೌಂಡನ್ನು ಮೀರಕೂಡದೆಂದು ತಯಾರಿಸಿದವರ ಕಟ್ಟಳೆ. ಈ ಮಿತಿಗೆ ಜಿ.ವಿ.ಡಬ್ಲ್ಯು.ಆರ್. ಎಂದು ಹೆಸರು. ನಾವು ಅದನ್ನು ೧,೬೦೦ ಪೌಂಡು, ಎಂದರೆ ಏಳು ಕ್ವಿಂಟಾಲಿಗೂ ಮಿಕ್ಕು, ಮೀರಿದ್ದೆವು. ಎಳೆಯುವ ಲೆಕ್ಕದಲ್ಲಿ ಉಳಿತಾಯ, ಹೊರುವ ಲೆಕ್ಕದಲ್ಲಿ ದಿವಾಳಿ!

ನಮ್ಮ ಮಗಳು ಚೀಟಿಯನ್ನು ಕೈಯಲ್ಲಿ ಹಿಡಿದು, ಚಾಲಕನ ಬಾಗಿಲನ್ನು ತೆರೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಸಣ್ಣ ಕಾಗದವನ್ನು ಓದಿದಳು. ಜನರೂ ಸಾಮಾನೂ ಸೇರಿ ೨,೩೦೦ ಪೌಂಡನ್ನು ಎಂದಿಗೂ ಮೀರಕೂಡದೆಂದು ಅದರಲ್ಲಿ ಬರೆದಿತ್ತು. ಆ ಕಾಗದವು ಎರಡು ವರ್ಷದಿಂದಲೂ ಅಲ್ಲಿಯೇ ಇದ್ದು, ದಿನಕ್ಕೆ ನಾಲ್ಕು ಬಾರಿ ಅವರ ಕಣ್ಣ ಮುಂದೆ ಹಾದುಹೋಗಿತ್ತು. ಮನೆಯನ್ನು ಮಾರುವಾಗ ಕೊಟ್ಟಿದ್ದ ಪುಸ್ತಿಕೆಯಲ್ಲಿ, ಬರಿದಾದ ಮನೆಯೇ ೨,೮೦೦ ಪೌಂಡು ಭಾರವನ್ನು ಪಿನ್ನಿನ ಮೇಲೆ ಹಾಕುವುದೆಂದು ಅಚ್ಚಾಗಿತ್ತು. ಈ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಿದ್ದರೆ ಸಾಲ ಮಾಡುವ ಮೊದಲೇ ಸಂಗತಿ ತಿಳಿಯುತ್ತಿತ್ತು. ನಮ್ಮ ಐವರ ತೂಕ ೫೬೦, ತೊಟ್ಟಿಯಲ್ಲಿ ಕೂರಿಸಿದ ಕಬ್ಬಿಣದ ಪೀಠ ೧೫೦, ಉಪಕರಣಗಳು ೯೦ ಪೌಂಡು. ಹೀಗೆ ಮನೆಯನ್ನು ಕಟ್ಟುವ ಮೊದಲೇ ೨,೩೦೦ರಲ್ಲಿ ೮೦೦ ಮುಗಿದಿತ್ತು.

ಅಳಿಯಂದಿರ ಮುಖ ಬಾಡಿತು. ಸ್ವಲ್ಪ ಹೊತ್ತು ಯೋಚಿಸಿ, “ಕೊಟ್ಟಿಗೆಯಲ್ಲಿರುವ ಮರಳ ಬಂಡಿಯೇ ೧,೫೦೦ ಪೌಂಡಿದೆ. ಅದನ್ನು ಇಲ್ಲಿಯೇ ಎಲ್ಲಾದರೂ ಇಳಿಸಿ ಹೋದರೆ ಸರಿಹೋಗಬಹುದು” ಎಂದರು. ಆಗ ನಮಗೆ ಥಟ್ಟನೆ ಬಾಲ್ಯವು ನೆನಪಿಗೆ ಬಂದಿತು. ನಮ್ಮ ತಂದೆಯವರು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬನ್ನು ಹೊಡೆಯುತ್ತಿದ್ದರು. ಎರಡು ಗಾಲಿಯ ಗಾಡಿಯಲ್ಲಿ ಅಚ್ಚಿನ ಮುಂದೆ ಹೇರು ಹೆಚ್ಚಾದರೆ ಮುಂಭಾರವಾಗಿ ನೊಗವು ಎತ್ತಿನ ಹೆಗಲನ್ನು ಒತ್ತಿ ಹುಣ್ಣುಮಾಡುವುದು. ಹಿಂದೆ ಹೆಚ್ಚಾದರೆ ಹಿಂಭಾರವಾಗಿ ಮೂಕಿಯು ಮೇಲೆದ್ದು ಕೊರಳ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುವುದು. ಆದುದರಿಂದ ತಂದೆಯವರು ಹೇರಿದ ಮೇಲೆ ಮೂಕಿಯನ್ನು ಕೈಯಿಂದೆತ್ತಿ ನೋಡಿ, ಒಂದೆರಡು ಹೊರೆಗಳನ್ನು ಹಿಂದೆ ಮುಂದೆ ಸರಿಸಿ, ದಾರಿಯಲ್ಲಿ ಏರು ಬಂದರೆ ತಾವೇ ಮುಂದಕ್ಕೂ ಇಳಿಜಾರು ಬಂದರೆ ಹಿಂದಕ್ಕೂ ಜರುಗಿ ಕೂರುತ್ತಿದ್ದರು. ಹಿಂದಿನ ಹೊರೆಯನ್ನು ತೆಗೆದರೆ ಎತ್ತಿಗೆ ಹಗುರವಾಗುವುದಿಲ್ಲ, ಹೆಗಲ ಭಾರ ಹೆಚ್ಚುವುದು ಎಂಬುದು ಹಳ್ಳಿಯ ಹುಡುಗರಿಗೆಲ್ಲ ಗೊತ್ತಿದ್ದ ಸಂಗತಿ.

“ಅಳಿಯಂದಿರೇ, ಬಂಡಿ ನಿಂತಿರುವುದು ಅಚ್ಚುಗಳ ಹಿಂದೆ. ಅದನ್ನು ತೆಗೆದರೆ ಮನೆಯ ಮೂತಿ ಇನ್ನೂ ಬಲವಾಗಿ ನಿಮ್ಮ ವಾಹನದ ಮೇಲೆ ಕೂರುವುದಲ್ಲವೆ?” ಎಂದೆವು. ಅವರು ವಿದ್ಯಾವಂತರು; ತಕ್ಷಣವೇ ಗ್ರಹಿಸಿದರು. ಟಾಯ್ ಹಾಲರಿನ ವಿಶೇಷವೂ ಅಪಾಯವೂ ಇದರಲ್ಲಿಯೇ ಇರುವುದು. ಹಿಂದಿನ ಕೊಟ್ಟಿಗೆಯು ತುಂಬಿದಾಗಲೂ ಮೂತಿಯ ಮೇಲೆ ಸಾಕಷ್ಟು ಭಾರ ಉಳಿಯಲೆಂದು ತಯಾರಕರು ಬರಿದಾದಾಗಲೇ ಮೂತಿಭಾರವನ್ನು ಹೆಚ್ಚಾಗಿರಿಸುವರು. ಮೂತಿಭಾರ ತೀರ ಕಡಮೆಯಾದರೆ ಮನೆಯು ನಾಯಿಯ ಬಾಲದಂತೆ ಅತ್ತಿತ್ತ ತೂಗಾಡುವುದು. ಆದುದರಿಂದ ಆಟದ ಬಂಡಿಗಳಿಲ್ಲದೆ, ಮುಂದಿನ ತೊಟ್ಟಿಯಲ್ಲಿ ನೀರನ್ನು ತುಂಬಿಕೊಂಡು ಹೋಗುವಾಗಲೇ ವಾಹನದ ಬೆನ್ನಿಗೆ ಅತ್ಯಧಿಕ ಭಾರ. ಒಟ್ಟು ತೂಕ ಇಳಿದರೂ ಬೆನ್ನಿನ ಭಾರ ಏರುವ ಈ ವೈಚಿತ್ರ್ಯವನ್ನು ಕೊಳ್ಳುವವರು ಚೆನ್ನಾಗಿ ಮನನ ಮಾಡಬೇಕು.

ನೀರನ್ನು ಚೆಲ್ಲಿದರೆ ತುಸು ಅನುಕೂಲವಾಗುತ್ತಿತ್ತೆಂಬುದು ನಿಜ. ಆ ದೇಶದ ಒಂದು ಗ್ಯಾಲನ್ ನೀರು ೮.೩೪ ಪೌಂಡು ತೂಗುವುದರಿಂದ ನಮ್ಮ ತೊಟ್ಟಿಯ ೧೦೦ ಗ್ಯಾಲನ್ನು ೮೩೪ ಪೌಂಡಾಗಿತ್ತು. ಆದರೆ ಅದರಲ್ಲಿ ಬಹುಭಾಗವನ್ನು ಮನೆಯ ಗಾಲಿಗಳೇ ಹೊರುತ್ತಿದ್ದುವಾಗಿ ೧,೬೦೦ರ ಕೊರತೆ ಅದರಿಂದ ತುಂಬುವಂತಿರಲಿಲ್ಲ. ಕೊನೆಗೆ ನಮ್ಮ ಮಗಳು, “ಮಕ್ಕಳು ಹಿಂದೆ ಕುಳಿತಿದ್ದಾರೆ. ನಾನು ಇದರಲ್ಲಿ ಇನ್ನೊಂದು ಇಳಿಜಾರನ್ನು ಇಳಿಯುವುದಿಲ್ಲ” ಎಂದುಬಿಟ್ಟಳು. ಮೊಮ್ಮಕ್ಕಳು ಅತ್ತರು. ಅಳಿಯಂದಿರು ಮರುಮಾತಾಡಲಿಲ್ಲ. ತೊಟ್ಟಿಯ ನೀರನ್ನು ಬಿಟ್ಟು, ಎರಡು ಮೈಲಿ ಮೆಲ್ಲನೆ ನಡೆಸಿ, ಹತ್ತಿರದ ಬಿಡಾರದ ಬಯಲೊಂದರಲ್ಲಿ ಮನೆಯನ್ನು ನಿಲ್ಲಿಸಿ, ರಜೆಯನ್ನೆಲ್ಲ ಅಲ್ಲಿಯೇ ಕಳೆದೆವು. ಹಿಂದಿರುಗುವ ದಿನ ಅವರ ಕಚೇರಿಯ ಸ್ನೇಹಿತರೊಬ್ಬರು ತಮ್ಮ ದೊಡ್ಡ ವಾಹನವನ್ನು ತಂದು ಮನೆಯನ್ನು ಊರಿಗೆ ಮುಟ್ಟಿಸಿದರು.

ಆ ಬಿಡಾರದ ಸಂಜೆಗಳಲ್ಲಿ ಅಳಿಯಂದಿರೂ ನಾವೂ ಕುಳಿತು, ಬಲ್ಲವರನ್ನು ಕೇಳಿ, ಪುಸ್ತಿಕೆಗಳನ್ನು ಓದಿ, ಈ ವಿಷಯವನ್ನು ಬುಡದಿಂದ ವಿಚಾರಿಸಿದೆವು. ಅದರ ಸಾರವನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳುವೆವು.

ಮೊದಲನೆಯದು ಹೆಸರಿನ ಮೋಸ. ಅಲ್ಲಿಯ ಪಿಕಪ್ಪುಗಳನ್ನು ಅರ್ಧ ಟನ್ನು, ಮುಕ್ಕಾಲು ಟನ್ನು, ಒಂದು ಟನ್ನು ಎಂದು ಕರೆಯುವರು. ಹೆಸರುಗಳ ಕೊನೆಯಲ್ಲಿ ಬರುವ ೧೫೦೦, ೨೫೦೦, ೩೫೦೦ ಅಥವಾ ೧೫೦, ೨೫೦, ೩೫೦ ಎಂಬ ಅಂಕಿಗಳು ಇದನ್ನೇ ಸೂಚಿಸುವುವು. ಹಿಂದೆ ಅಷ್ಟೇ ಭಾರವನ್ನು ಹೊರುತ್ತಿದ್ದುದರಿಂದ ಬಂದ ಹೆಸರುಗಳಿವು. ಈಗ ಒಂದು ಟನ್ನಿನದೆಂಬುದು ಎರಡು ಟನ್ನಿಗೂ ಮಿಕ್ಕಿ ಹೊರಬಹುದು. ವ್ಯಾಕರಣದವರು ಯೌಗಿಕಾರ್ಥವೆಂದೂ ರೂಢ್ಯರ್ಥವೆಂದೂ ಎರಡನ್ನು ಹೇಳುವರಷ್ಟೆ. ಇಲ್ಲಿ ರೂಢಿಯೊಂದೇ ಉಳಿದಿದೆ. ಹೆಸರಿನಿಂದ ಭಾರವನ್ನು ಅಳೆಯತಕ್ಕದ್ದಲ್ಲ.

ಎರಡನೆಯದು ಎಂಜಿನ್ನಿನ ಮೋಸ. ಡೀಸೆಲ್ ಎಂಜಿನ್ನು ಬಲವಾದುದು, ಆದರೆ ಪೆಟ್ರೋಲಿನದಕ್ಕಿಂತ ನೂರಾರು ಪೌಂಡು ಹೆಚ್ಚು ತೂಗುವುದು. ಮುಕ್ಕಾಲು ಟನ್ನಿನ ಬಹುತೇಕ ಡೀಸೆಲ್ ವಾಹನಗಳ ಒಟ್ಟು ಮಿತಿಯನ್ನು ತಯಾರಕರು ೧೦,೦೦೦ ಪೌಂಡಿನ ಸುತ್ತಮುತ್ತಲೇ ನಿಲ್ಲಿಸಿರುವರು. ಅದನ್ನು ದಾಟಿದರೆ ಸರ್ಕಾರದ ಲೆಕ್ಕದಲ್ಲಿ ವಾಹನದ ವರ್ಗವೇ ಬೇರೆಯಾಗುವುದು. ಮಿತಿಯು ನಿಂತಲ್ಲಿಯೇ ನಿಂತು ಮೈತೂಕವು ಏರಿದರೆ ಹೊರುವುದಕ್ಕೆ ಉಳಿಯುವುದು ಕಡಮೆಯಾಗಲೇಬೇಕು. ಹೀಗೆ ಹೆಚ್ಚು ಎಳೆಯುವ ಎಂಜಿನ್ನನ್ನು ಕೊಂಡವನು ಕಡಮೆ ಹೊರುವ ವಾಹನವನ್ನು ಕೊಂಡಂತಾಗುವುದು. ಚರ್ಮದ ಆಸನ, ಗಾಜಿನ ಮಾಳಿಗೆ, ನಾಲ್ಕು ಗಾಲಿಗೂ ಬಲವನ್ನೂಡುವ ಯಂತ್ರ ಮುಂತಾದ ಪ್ರತಿಯೊಂದು ಸೊಗಸೂ ಈ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವನ್ನು ತಿನ್ನುವುದು.

ಮೂರನೆಯದು ಜಾಹೀರಾತಿನ ಅಂಕಿ. ಇದು ಸುಳ್ಳಲ್ಲ. ಜೆ೨೮೦೭ ಎಂಬ ಪರೀಕ್ಷಾಕ್ರಮವೊಂದು ೨೦೦೮ರಲ್ಲಿ ಏರ್ಪಟ್ಟಿದೆ. ಅರಿಜೋನಾ ಪ್ರಾಂತದ ಡೇವಿಸ್ ಅಣೆಕಟ್ಟಿನ ಬಳಿಯಿರುವ, ೧೧ ಮೈಲಿಗೂ ಮೀರಿದ ಏರುದಾರಿಯಲ್ಲಿ, ಕಡುಬಿಸಿಲಿನಲ್ಲಿ, ಒಳಗಿನ ತಂಪಿನ ಯಂತ್ರವನ್ನು ನಡೆಸುತ್ತ, ಗಂಟೆಗೆ ೪೦ ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಹಿಂದೆ ಜೋಡಿ ಗಾಲಿಯುಳ್ಳ ವಾಹನಕ್ಕೆ ೩೫ ಮೈಲಿ. ಬಹು ಕಠಿನವಾದ ಪರೀಕ್ಷೆಯೇ ಸರಿ. ಆದರೆ ಆ ಲೆಕ್ಕದಲ್ಲಿ ವಾಹನದೊಳಗೆ ತಲಾ ೧೫೦ ಪೌಂಡಿನ ಇಬ್ಬರು ಮಾತ್ರ ಕುಳಿತಿರುವರು. ಅವರಿಗೆ ಮಕ್ಕಳಿಲ್ಲ, ಮಾವನವರಿಲ್ಲ, ತೊಟ್ಟಿಯಲ್ಲಿ ಸೌದೆಯಿಲ್ಲ, ಉಪ್ಪಿನಕಾಯಿಯ ಜಾಡಿಯಿಲ್ಲ. ಸಂಸಾರಸ್ಥನು ಆ ಅಂಕಿಯನ್ನು ಬ್ರಹ್ಮಚಾರಿಯ ಲೆಕ್ಕವೆಂದೇ ತಿಳಿಯತಕ್ಕದ್ದು.

ಹಾಗಾದರೆ ಲೆಕ್ಕಿಸುವ ಕ್ರಮವೇನು? ಮೊದಲು ಮನೆಯನ್ನು ಗೊತ್ತುಮಾಡಿ, ಆಮೇಲೆ ವಾಹನವನ್ನು ಹುಡುಕಬೇಕು. ಮನೆಯ ಬರಿದೂಕವನ್ನು ನಂಬದೆ, ತುಂಬಿದಾಗಿನ ಪರಮಾವಧಿ ತೂಕವನ್ನೇ ಹಿಡಿಯಬೇಕು. ಬರಿದಾದ ಮನೆಯನ್ನು ಯಾರೂ ಪ್ರವಾಸಕ್ಕೊಯ್ಯುವುದಿಲ್ಲ. ನಮ್ಮ ಮನೆ ಬರಿದಾದಾಗ ೧೨,೩೦೦. ಬಂಡಿ ೧,೫೦೦, ನೀರು ೮೩೪, ಬಂಡಿಗೆಂದು ತುಂಬಿದ ೩೦ ಗ್ಯಾಲನ್ ಪೆಟ್ರೋಲು ಸುಮಾರು ೧೮೬, ಉಳಿದ ಸಾಮಾನು ೬೮೦ ಸೇರಿ ೧೫,೫೦೦ ಆಗಿತ್ತು. ಫಿಫ್ತ್ ವೀಲ್ ಮನೆಗಳಲ್ಲಿ ಈ ತೂಕದ ಐದರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನವರೆಗೆ ವಾಹನದ ಬೆನ್ನಿಗೆ ಬರುವುದು. ೧೬,೦೦೦ ಪೌಂಡಿನ ಮನೆಗೆ ೩,೨೦೦ರಿಂದ ೪,೦೦೦ ಎಂದಿಟ್ಟುಕೊಳ್ಳಬಹುದು. ಇದಕ್ಕೆ ಪೀಠದ ತೂಕ, ಕೂರುವವರೆಲ್ಲರ ತೂಕ, ತೊಟ್ಟಿಯ ಸಾಮಾನು ಇವನ್ನು ಕೂಡಿಸಿ, ಬಂದ ಮೊತ್ತವನ್ನು ಕೊಳ್ಳಲಿರುವ ವಾಹನದ ಬಾಗಿಲ ಕಾಗದದೊಡನೆ ಹೋಲಿಸಬೇಕು. ಪುಸ್ತಿಕೆಯಲ್ಲಿರುವುದು ಆ ಜಾತಿಯ ವಾಹನದ ಉತ್ತಮೋತ್ತಮ ಅಂಕಿ. ಬಾಗಿಲಲ್ಲಿರುವುದು ಆ ಒಂದು ವಾಹನದ ನಿಜವಾದ ಅಂಕಿ. ಒಟ್ಟು ಮಿತಿಯು ೧೦,೦೦೦ ಪೌಂಡಿಗೆ ಮೇಲ್ಪಟ್ಟ ವಾಹನಗಳಲ್ಲಿ ಈ ಕಾಗದವು ಇರಲೇಬೇಕೆಂಬ ಕಟ್ಟಳೆಯಿಲ್ಲ. ಅಲ್ಲಿ ವಾಹನವನ್ನು ತೂಗಿಸಿ, ಒಟ್ಟು ಮಿತಿಯಿಂದ ಕಳೆದು ತಿಳಿಯಬೇಕು. ಹಿಂದಿನ ಅಚ್ಚಿಗೂ ಟೈರುಗಳಿಗೂ ಬೇರೆ ಬೇರೆ ಮಿತಿಗಳಿರುವುವು. ಅವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅದೇ ನಮ್ಮ ಮಿತಿ.

ಹಿಂದೆ ನಾಲ್ಕು ಗಾಲಿಗಳುಳ್ಳ ಒಂದು ಟನ್ನಿನ ವಾಹನವನ್ನು ‘ಡ್ಯೂಯಲಿ’ ಎನ್ನುವರು. ಇವುಗಳ ಒಟ್ಟು ಮಿತಿಯು ೧೪,೦೦೦ ಪೌಂಡಿನವರೆಗೂ ಇರಬಹುದು. ಭಾರವಾದ ಟಾಯ್ ಹಾಲರಿಗೆ ಇದೇ ತಕ್ಕ ಜೋಡಿಯೆಂದು ನಮಗೆ ತೋರುವುದು. ಹೊರೆಯು ಹಂಚಿಹೋಗುವುದಲ್ಲದೆ, ಅಗಲವಾಗಿ ಊರಿದ ಕಾಲುಗಳಿಂದ ಅಡ್ಡಗಾಳಿಗೆ ಅಲುಗುವುದೂ ಕಡಮೆ. ಒಂದು ಟೈರು ಸಿಡಿದರೆ ಪಕ್ಕದ್ದು ಹಿಡಿಯುವುದು. ಊರೊಳಗೆ ನಿಲ್ಲಿಸುವುದು ಕಷ್ಟ, ಆರು ಟೈರುಗಳ ಖರ್ಚು, ಇವು ಇದರ ದೋಷಗಳು. ಒಂಟಿ ಗಾಲಿಯ ಒಂದು ಟನ್ನಿನದು ಲೆಕ್ಕಕ್ಕೆ ಒಮ್ಮೊಮ್ಮೆ ಸರಿಹೋದರೂ, ಅಂಚಿಗೆ ಬಂದು ನಿಲ್ಲುವುದುಂಟು.

ಅಳಿಯಂದಿರು ಮೊದಲು ಗಾಳಿಚೀಲದ ಸ್ಪ್ರಿಂಗುಗಳನ್ನು ಹಾಕಿಸಿದರೆ ಸಾಕೆಂದಿದ್ದರು. ಅವುಗಳಿಂದ ಕುಸಿದ ಬೆನ್ನು ಮೇಲೆದ್ದು ನೋಟ ಸರಿಯಾಗುವುದು. ಆದರೆ ತಯಾರಕರು ಬರೆದ ಮಿತಿಯು ಒಂದು ಪೌಂಡೂ ಏರುವುದಿಲ್ಲ. ಬೆನ್ನುನೋವಿನವನಿಗೆ ಬಿಗಿಯಾದ ಅಂಗಿ ತೊಡಿಸಿ ನೆಟ್ಟಗೆ ನಿಲ್ಲಿಸಿದಂತೆ.

ಇನ್ನು ಕೆಲವು ಚಿಕ್ಕ ಸಂಗತಿಗಳು. ಎಂಟಡಿ ಉದ್ದದ ತೊಟ್ಟಿಯಿದ್ದರೆ ಒಳ್ಳೆಯದು. ಚಿಕ್ಕ ತೊಟ್ಟಿಯಾದರೆ ಇಕ್ಕಟ್ಟಿನ ತಿರುವಿನಲ್ಲಿ ಮನೆಯ ಮೂತಿಯು ಚಾಲಕನ ಗೂಡಿನ ಹಿಂಗಾಜಿಗೆ ಬಡಿಯಬಹುದಾಗಿ, ಹಿಂದಕ್ಕೆ ಜಾರುವ ಪೀಠವು ಬೇಕಾಗುವುದು. ತೊಟ್ಟಿಯ ಅಂಚಿಗೂ ಮೇಲೆ ಚಾಚಿದ ಮನೆಗೂ ನಡುವೆ ಸುಮಾರು ಆರು ಅಂಗುಲ ಬಿಡುವಿರಬೇಕು. ಮನೆಯ ಗಾಲಿಗಳಿಗೆ ತಮ್ಮವೇ ಆದ ವಿದ್ಯುತ್ ಬ್ರೇಕುಗಳುಂಟು. ಪ್ರತಿ ಪ್ರಯಾಣದ ಮೊದಲು ಅವನ್ನು ಪರೀಕ್ಷಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುವುವು; ನೋಡಲು ಹೊಸದಾದರೂ ವಯಸ್ಸಾದ ಟೈರನ್ನು ನಂಬಬಾರದು. ಪರವಾನಗಿಯ ಕಟ್ಟಳೆಗಳು ಪ್ರಾಂತಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ೧೫,೦೦೦ ಪೌಂಡಿಗೆ ಮೇಲ್ಪಟ್ಟ ಮಿತಿಯ ಫಿಫ್ತ್ ವೀಲನ್ನು ಎಳೆಯಲು ವಾಣಿಜ್ಯೇತರವಾದ ‘ಎ’ ದರ್ಜೆಯ ಪರವಾನಗಿ ಬೇಕು. ವೇಗವು ಗಂಟೆಗೆ ೫೫ ಮೈಲಿಯನ್ನು ಮೀರಬಾರದು. ನಮ್ಮ ಅಳಿಯಂದಿರ ಬಳಿ ಆ ಪರವಾನಗಿಯೂ ಇರಲಿಲ್ಲವೆಂಬುದು ಆಗಲೇ ತಿಳಿದುದು. ಮಾರಿದವರು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅವರು ಹಳೆಯ ವಾಹನವನ್ನು ಕೊಟ್ಟು ಡ್ಯೂಯಲಿಯೊಂದನ್ನು ಕೊಂಡರು. ಈ ಅದಲುಬದಲಿನಲ್ಲಿ ಸುಮಾರು ಎರಡು ತಿಂಗಳ ಸಂಬಳದಷ್ಟು ನಷ್ಟವಾಯಿತು. ಮನೆಯನ್ನೇ ಮಾರಿ ಚಿಕ್ಕದನ್ನು ಕೊಳ್ಳಬಹುದಾಗಿತ್ತೆಂದು ನಾವು ಸೂಚಿಸಿದುದುಂಟು. ಮೊಮ್ಮಕ್ಕಳ ಮತವು ಬೇರೆಯಾಗಿತ್ತು. ಈ ಸಲ ಅಳಿಯಂದಿರು ಹಣ ಕೊಡುವ ಮೊದಲೇ ಆ ವಾಹನವನ್ನು ತೂಕದ ಕಟ್ಟೆಗೆ ಒಯ್ದು ಬರಿದಾಗಿ ತೂಗಿಸಿದರು. ಅದು ೮,೬೦೦ ಪೌಂಡಾಯಿತು. ೧೪,೦೦೦ದಲ್ಲಿ ಕಳೆದರೆ ಹೊರುವುದಕ್ಕೆ ೫,೪೦೦. ಹಿಂದಿನ ಪ್ರಯಾಣದ ಹೊರೆಯೆಲ್ಲ ಸೇರಿ ೩,೯೦೦ ಆದರೂ ೧,೫೦೦ ಪೌಂಡು ಮಿಗುವುದೆಂದು ಬರೆದು ನಮಗೆ ಕಳುಹಿಸಿದರು. ಅದನ್ನು ತಿದ್ದಿ ಅಂಕ ಹಾಕಬೇಕೆಂದು ಕೊನೆಯಲ್ಲಿ ಒಂದು ವಿನೋದದ ಸಾಲೂ ಇತ್ತು. ಪರವಾನಗಿಯ ಪರೀಕ್ಷೆಯಲ್ಲಿಯೂ ಅವರು ತೇರ್ಗಡೆಯಾದರು.

೨೦೨೫ರ ವಸಂತದಲ್ಲಿ ಅವರು ಮತ್ತೆ ಅದೇ ದಾರಿಯನ್ನು ಹಿಡಿದರು. ಆ ವೇಳೆಗೆ ನಾವು ಊರಿಗೆ ಹಿಂದಿರುಗಿದ್ದೆವು. ಒಂದು ಮುಂಜಾನೆ ದೂರವಾಣಿಯಲ್ಲಿ ಮೊಮ್ಮಗಳು, “ತಾತ, ಮರಳು ನಿಜವಾಗಿಯೂ ಹಾಡಿತು. ಅಮ್ಮ ಇಳಿಜಾರಿನಲ್ಲಿ ನಿದ್ದೆ ಮಾಡಿದಳು” ಎಂದು ಹೇಳಿದಳು. ಮರಳು ಹಾಡಿದ ಸುದ್ದಿಗಿಂತಲೂ ಎರಡನೆಯ ಸುದ್ದಿಯೇ ನಮಗೆ ಹೆಚ್ಚಿನ ಸಂತೋಷವನ್ನುಂಟುಮಾಡಿತು. ವಾಚಕರಲ್ಲಿ ಯಾರ ಮಕ್ಕಳಾದರೂ ಆ ದೇಶದಲ್ಲಿ ಇಂಥ ಮನೆಯನ್ನು ಕೊಳ್ಳುವ ಯೋಚನೆಯಲ್ಲಿದ್ದರೆ, ಹಣ ಕೊಡುವ ಮೊದಲು ಬಾಗಿಲ ಕಾಗದವನ್ನೊಮ್ಮೆ ಓದಿರೆಂದು ಅವರಿಗೆ ಬರೆದು ತಿಳಿಸಬೇಕಾಗಿ ವಿಜ್ಞಾಪಿಸಿಕೊಳ್ಳುವೆವು.